ಗುಂಡಿಯಕ್ಕನ ಒಂದು ದಿನದ ಅಂಗಡಿ

ನನ್ನದು ದಾರ, ಗುಂಡಿ, ಜಿಪ್ಪು, ಲೇಸು, ಲೈನಿಂಗ್ ಬಟ್ಟೆಗಳ ಅಂಗಡಿ. ಈ ವ್ಯಾಪಾರದಲ್ಲೇ ತಲೆ ನರೆಸಿಕೊಂಡವನು ನಾನು. ಗಿರಾಕಿ ಮೆಟ್ಟಿಲು ಹತ್ತುವ ರೀತಿ ನೋಡಿಯೇ ಇವರು ಕೊಳ್ಳುವವರೋ, ಎಲ್ಲವನ್ನೂ ಮುಟ್ಟಿ ಮಾಸಿಸಿ ಹೋಗುವವರೋ ಹೇಳಬಲ್ಲೆ. ನನ್ನ ಅಂದಾಜು ತಪ್ಪಿಸಿದವರು ಒಬ್ಬರೇ, ಗುಂಡಿಯಕ್ಕ. ಗುಂಡಿ ಅಂದರೆ ಅಂಗಿಯ ಗುಂಡಿ. ನಮ್ಮ ರಸ್ತೆಯ ತುಂಬ ಇರುವ ಗುಂಡಿಗಳಿಗೂ ಅವರಿಗೂ ಸಂಬಂಧವಿಲ್ಲ.

ಊಟದ ಹೊತ್ತು ಕಳೆದು ಅಂಗಡಿಯೇ ತೂಕಡಿಸುವ ಸಮಯ ನೋಡಿಕೊಂಡು ಬರುತ್ತಿದ್ದರು. ಬಂದವರು ಸ್ಟೂಲು ಎಳೆದುಕೊಂಡು, ಗುಂಡಿಯ ಡಬ್ಬಗಳನ್ನು ಒಂದೊಂದಾಗಿ ಮಡಿಲಿಗೆ ಇಳಿಸಿಕೊಂಡು, ತಂದಿದ್ದ ಒಂದು ಬಿಳಿ ಗುಂಡಿಗೆ ಜೋಡಿ ಹುಡುಕುತ್ತಿದ್ದರು. ನನಗೆ ಬಿಳಿ ಅಂದರೆ ಬಿಳಿ. ಅವರಿಗೆ ಹಾಲಿನ ಬಿಳಿ ಬೇರೆ, ಸುಣ್ಣದ ಬಿಳಿ ಬೇರೆ. ಒಮ್ಮೆ ತಾಳ್ಮೆ ಕೆಟ್ಟು ನಾನೇ ಒಂದನ್ನು ಆರಿಸಿ ಕೊಟ್ಟೆ. ಬೆಳಕಿಗೆ ಹಿಡಿದು ನೋಡಿ, "ಸಾಹುಕಾರ್ರೇ, ಇದು ಬಿಳಿಯಲ್ಲ, ನರೆ" ಎಂದು ನನ್ನ ತಲೆ ನೋಡಿದರು. ಅಂದಿನಿಂದ ಡಬ್ಬ ಅವರ ಮುಂದಿಟ್ಟು ನಾನು ಪೇಪರು ಓದುತ್ತೇನೆ.

ಅವರು ಮಿಷನ್ ಕಾಂಪೌಂಡಿನ ಟೈಲರು. ಹಾಸ್ಟೆಲ್ ಹುಡುಗಿಯರ ಯೂನಿಫಾರ್ಮ್, ಹಾಡುವವರ ನಿಲುವಂಗಿ, ಪಾದ್ರಿ ಅಯ್ಯನವರ ಕರೀ ಕೋಟು, ಎಲ್ಲವೂ ಅವರ ಕೈಯಿಂದಲೇ ಬರಬೇಕು. ದೇವಾಲಯದ ಹಿಂದೆ, ನೀರಿನ ಟ್ಯಾಂಕಿಗೆ ಎದುರಾಗಿ ಅವರಿಗೊಂದು ಕೋಣೆ. ಕಿಟಕಿಯ ಕೆಳಗೆ ಕಾಲುಮಣೆಯ ಮೆಷಿನ್ನು, ಗೋಡೆಗೆ ಅಂಟಿದ ಮರದ ಕಪಾಟು, ಮೂಲೆಯಲ್ಲಿ ಬಟ್ಟೆ ತೊಡಿಸಿ ನೋಡುವ ತಲೆಯಿಲ್ಲದ ಗೊಂಬೆ. ಚಳಿಗಾಲದಲ್ಲಿ ಅಕ್ಕ ತಮ್ಮ ಸ್ವೆಟರನ್ನು ಬಿಚ್ಚಿ ಅದಕ್ಕೇ ತೊಡಿಸುವುದರಿಂದ, ಬಾಗಿಲಲ್ಲಿ ನಿಂತವರಿಗೆ ಒಳಗೆ ಇಬ್ಬರಿದ್ದಾರೆ ಅನ್ನಿಸುತ್ತದೆ. ಮದುವೆ ಯಾಕಾಗಲಿಲ್ಲ ಎಂದು ಯಾರೋ ಕೇಳಿದ್ದಕ್ಕೆ, ಅಳತೆಗೆ ಸರಿಯಾದವನು ಸಿಗಲಿಲ್ಲ, ಸಿಕ್ಕವರನ್ನು ಕತ್ತರಿಸೋಕೆ ಮನಸ್ಸು ಬರಲಿಲ್ಲ ಅಂದಿದ್ದರಂತೆ.

ಮಕ್ಕಳ ಬಟ್ಟೆ ಹೊಲಿಯುವುದರಲ್ಲಿ ಅವರದೊಂದು ಕಟ್ಟಳೆ ಇತ್ತು. ಅಂಚಿನಲ್ಲಿ, ಪಕ್ಕದ ಹೊಲಿಗೆಯಲ್ಲಿ, ತೋಳಿನ ತುದಿಯಲ್ಲಿ ಧಾರಾಳವಾಗಿ ಬಟ್ಟೆ ಒಳಗೆ ಮಡಿಸಿ ಬಿಡುತ್ತಿದ್ದರು. ಮಗು ಬೆಳೆದ ಹಾಗೆ ಹೊಲಿಗೆ ಬಿಚ್ಚುತ್ತಾ ಹೋದರಾಯಿತು. ಒಳಮಡಿಕೆ ಬಿಡದೆ ಹೊಲಿಯೋದು ಅಂದ್ರೆ, ಮಗು ಇಷ್ಟಕ್ಕೇ ನಿಲ್ಲಲಿ ಅಂತ ಹರಸಿದ ಹಾಗೆ ಎನ್ನುತ್ತಿದ್ದರು. ಹೀಗೆ ಹೊಲಿದರೆ ವರ್ಷವರ್ಷವೂ ಹೊಸ ಬಟ್ಟೆ ಕೊಳ್ಳುವವರು ಯಾರು ಎಂಬುದು ನನ್ನಂಥವನ ಚಿಂತೆ. ಅದನ್ನು ಬಾಯಿಬಿಟ್ಟು ಹೇಳಿದೆ ಕೂಡ. ಇನ್ನೊಂದು ಡಬ್ಬ ಇಳಿಸಿ ಅಂದರು.

ಅವರು ಬೆಳೆದದ್ದು ಮಿಷನ್ನಿನವರ ಮಕ್ಕಳ ಮನೆಯಲ್ಲಿ. ಅಲ್ಲಿ ಇದ್ದವರೆಲ್ಲ ಅನಾಥರೇ ಅಂತೇನಲ್ಲ. ಅಕ್ಕನಿಗೆ ಅಪ್ಪ ಇದ್ದ. ಕಲ್ಲು ಒಡೆಯುವವನು, ಹೆಂಡತಿ ತೀರಿಕೊಂಡ ಮೇಲೆ ಮಗಳನ್ನು ಸಾಕಲಾರದೆ ತಂದು ಬಿಟ್ಟವನು. ಕ್ರಿಸ್ಮಸ್ ಬಂತೆಂದರೆ ಮಕ್ಕಳೆಲ್ಲ ಸಾಲಾಗಿ ನಿಂತು ಹಾಡು ಹೇಳಬೇಕು, ಒಬ್ಬೊಬ್ಬರಾಗಿ ವೇದಿಕೆ ಹತ್ತಿ ಉಡುಗೊರೆ ತೆಗೆದುಕೊಂಡು ಕೈ ಮುಗಿಯಬೇಕು. ಹೆತ್ತವರು ಗೇಟಿನ ಆಚೆ ನಿಂತು ನೋಡಬಹುದು. ಒಂದು ವರ್ಷ ಅಕ್ಕನಿಗೆ ಸಿಕ್ಕಿದ್ದು ನಿಜವಾದ ಕೂದಲಿದ್ದ ಗೊಂಬೆ. ತೋರಿಸಲು ಗೇಟಿಗೆ ಓಡಿದರು. ಅಪ್ಪ ಗೊಂಬೆ ನೋಡಿದ, ತನ್ನ ಕೈ ನೋಡಿಕೊಂಡ, ಯಾರು ಕೊಟ್ಟರು ಎಂದು ಕೇಳಿದ. ಗೊಂಬೆಗೆ ಕಟ್ಟಿದ್ದ ಚೀಟಿಯಲ್ಲಿ ದೂರದೇಶದ ಒಂದು ಹೆಸರಿತ್ತು. ಅದನ್ನು ಓದಲು ಅಪ್ಪನಿಗೂ ಬರಲಿಲ್ಲ, ಮಗಳಿಗೂ ಬರಲಿಲ್ಲ. "ಒಳ್ಳೆಯವರು ಕಣಮ್ಮ" ಎಂದು ಹೇಳಿ ಹೋದ. ಮರುವರ್ಷ ಹಬ್ಬದ ದಿನ ಬರಲಿಲ್ಲ. ಹಬ್ಬ ಕಳೆದ ಮಾರನೆ ದಿನ ಬಂದ. ಆಮೇಲೆ ಪ್ರತಿ ವರ್ಷವೂ ಹಾಗೇ, ಮಾರನೆ ದಿನವೇ.

ಇದನ್ನು ಅಕ್ಕ ನನಗೆ ಹೇಳಿದ್ದು ಒಂದೇ ಸಲ, ಗುಂಡಿ ಆರಿಸುತ್ತಾ, ತಲೆ ಎತ್ತದೆ.

ಹಾಗಾಗಿ, ಬಡಮಕ್ಕಳಿಗೆ ಕ್ರಿಸ್ಮಸ್ ಉಡುಗೊರೆ ಕೊಡಿಸುವ ಕೆಲಸ ಅಕ್ಕನ ಪಾಲಿಗೆ ಬಂದಾಗ ಅವರು ಮೊದಲು ಮಾಡಿದ್ದು ವೇದಿಕೆಯನ್ನು ಕಿತ್ತುಹಾಕಿದ್ದು. ವೇದಿಕೆ ಬದಲು ಅಂಗಡಿ ಬೇಕು ಅಂದರು. ಭಾನುವಾರದ ಶಾಲೆಯ ಕೋಣೆಯಲ್ಲಿ ಒಂದು ದಿನದ ಮಟ್ಟಿಗೆ ಅಂಗಡಿ. ಬರಬೇಕಾದವರು ಮಕ್ಕಳಲ್ಲ, ಮಕ್ಕಳ ಅಪ್ಪ ಅಮ್ಮ. ಅವರು ಆರಿಸಬೇಕು, ಅವರೇ ಪೊಟ್ಟಣ ಕಟ್ಟಬೇಕು, ಅವರ ಮನೆಯಲ್ಲಿ ಅವರೇ ಮಕ್ಕಳ ಕೈಗೆ ಕೊಡಬೇಕು. ಮಿಷನ್ನಿನ ಹೆಸರು ಪೊಟ್ಟಣದ ಮೇಲೆ ಇರಕೂಡದು. ಇಷ್ಟು ಹೇಳಿ, ಅಂಗಡಿಗೆ ಕೂರಲು ಒಬ್ಬ ಹುಟ್ಟಾ ವ್ಯಾಪಾರಿ ಬೇಕೆಂದು ನನ್ನನ್ನು ಅಯ್ಯನವರ ಮುಂದೆ ನಿಲ್ಲಿಸಿದರು. ನಾನು ಅವರ ಸಭೆಯವನಲ್ಲ. ದೇವರ ಜೊತೆ ನನ್ನ ವ್ಯವಹಾರ ಬೇರೆ ಬೀದಿಯಲ್ಲಿ.

ಅಯ್ಯನವರು ವಯಸ್ಸಿನಲ್ಲಿ ಚಿಕ್ಕವರು, ನಗುಮುಖದವರು. "ಯೇಸುಸ್ವಾಮಿ ಚಾಟಿ ಹಿಡಿದು ವ್ಯಾಪಾರಿಗಳನ್ನ ದೇವಾಲಯದಿಂದ ಓಡಿಸಿದ್ರು. ನೀವು ಒಬ್ಬರನ್ನ ಕೈ ಹಿಡಿದು ಕರ್ಕೊಂಡು ಬರ್ತಿದ್ದೀರಲ್ಲಮ್ಮ" ಅಂದರು.

"ಇವರನ್ನ ಓಡಿಸೋಕೆ ಚಾಟಿ ಬೇಡ ಅಯ್ಯನವರೇ. ಚಂದಾ ಕೇಳಿದ್ರೆ ಸಾಕು."

ಅಯ್ಯನವರು ಒಪ್ಪಿದರು. ಗೊಣಗಿದ್ದು ಸಾಮಾನು ಕೊಡುವ ಮನೆಗಳವರು. ಕೊಡುವವರಿಗೆ ಮಗುವಿನ ಮುಖದ ನಗು ನೋಡುವ ಆಸೆ, ತಪ್ಪೇನಲ್ಲ. ಆ ನಗು ನೋಡಬೇಕಾದವರು ಹೆತ್ತವರು, ನಿಮಗೆ ಬೇಕೇ ಬೇಕು ಅಂದ್ರೆ ನಾನೇ ನಗ್ತೀನಿ ನೋಡಿ ಎಂದು ಅಕ್ಕ ಅವರೆದುರು ಹಲ್ಲು ಕಿರಿದು ನಿಂತರಂತೆ. ಮುಂದಿನ ಹಲ್ಲೊಂದು ಇಲ್ಲದ ಆ ನಗು ಒಮ್ಮೆ ನೋಡಿದವರು ಮತ್ತೆ ಕೇಳಲಿಲ್ಲ. ಸಾಮಾನು ಮಾತ್ರ ಬರುತ್ತಲೇ ಇತ್ತು. ಮಿಷನ್ನಿನ ದೊಡ್ಡ ಕಚೇರಿಯಿಂದ ಒಂದು ಮೂಟೆ, ಸಭೆಯ ಮನೆಗಳಿಂದ ಬುಟ್ಟಿಗಳು, ಬೀದಿಯ ಅಂಗಡಿಗಳಿಂದ ಅಕ್ಕ ಬೆನ್ನು ಬಿದ್ದು ತಂದದ್ದು. ಚಕ್ರ ಮುರಿದ ಆಟದ ಲಾರಿ, ಬರೆಯದ ಪೆನ್ನು, ಯಾರದೋ ಮಗು ತೊಟ್ಟು ಬಿಟ್ಟ ಅಂಗಿ ಕಂಡರೆ ಕೊಟ್ಟವರ ಮನೆಗೇ ಹೋಗಿ, ತಪ್ಪಿ ಬಂದುಬಿಟ್ಟಿದೆ ಅನ್ನಿಸುತ್ತೆ ಎಂದು ಬಹಳ ವಿನಯದಿಂದ ಹಿಂದಿರುಗಿಸಿ ಬರುತ್ತಿದ್ದರು.

ಅಂಗಡಿಗೆ ಹಣದ ಬದಲು ಗುಂಡಿ. ನನ್ನಲ್ಲಿ ಯಾರೂ ಕೇಳದೆ ಬಿದ್ದಿದ್ದ ಒಂದು ಡಬ್ಬ ದಪ್ಪ ನೀಲಿ ಕೋಟಿನ ಗುಂಡಿಗಳನ್ನು ಅಕ್ಕ ಹೊತ್ತುಕೊಂಡು ಹೋದರು. ಮಾರ್ಕೆಟ್ಟಿನ ಹಿಂದಿನ ಸಾಲುಮನೆಗಳಿಗೆ, ಇಟ್ಟಿಗೆ ಗೂಡಿನ ಪಕ್ಕದ ಜೋಪಡಿಗಳಿಗೆ ತಾವೇ ಹೋಗಿ, ಮಗುವಿಗೆ ಒಂದರಂತೆ ಗುಂಡಿ ಕೊಟ್ಟು, ಇಂಥ ದಿನ ಅಂಗಡಿ ತೆರೆದಿರುತ್ತೆ ಬನ್ನಿ ಎಂದು ಹೇಳಿ ಬಂದರು.

ಮೊದಲ ವರ್ಷ ನಾನು ಕೆಲಸ ಕೆಡಿಸಿದೆ. ದಾನದ ಕೆಲಸ ಅಲ್ಲವೇ ಎಂದು ಮುಖ ಮೆತ್ತಗೆ ಮಾಡಿಕೊಂಡು, ಬಂದವರಿಗೆಲ್ಲ ಕೇಳುವ ಮೊದಲೇ ಎತ್ತಿ ಎತ್ತಿ ಕೊಟ್ಟೆ. ಬಂದವರೂ ತಲೆ ತಗ್ಗಿಸಿ ಸಿಕ್ಕಿದ್ದು ತಗೊಂಡು ಹೋಗತೊಡಗಿದರು. ಅಕ್ಕ ನನ್ನನ್ನು ಬಾಗಿಲ ಹಿಂದಕ್ಕೆ ಕರೆದು, ನಿಮ್ಮ ಅಂಗಡೀಲಿ ಹೀಗೇ ಮಾಡ್ತೀರಾ ಎಂದು ಗದರಿದರು. ನಾನು ಮಾಡುವುದಿಲ್ಲ. ನನ್ನ ಅಂಗಡಿಯಲ್ಲಿ ನಾನು ಮೊದಲು ಆಗುವುದಿಲ್ಲ ಅನ್ನುತ್ತೇನೆ, ಆಮೇಲೆ ಮುಖ ಸಿಂಡರಿಸುತ್ತೇನೆ, ಕೊನೆಗೆ ಒಂದಿಷ್ಟು ಕೊಸರು ಹಾಕುತ್ತೇನೆ. ಅದನ್ನೇ ಇಲ್ಲೂ ಮಾಡಿ ಅಂದರು. ಕೊಸರಿಗೆಂದೇ ಪೆನ್ಸಿಲು, ರಿಬ್ಬನ್ನು, ಗೋಲಿಗಳ ಒಂದು ಬುಟ್ಟಿಯನ್ನು ನನ್ನ ಕಾಲ ಬಳಿ, ಗಿರಾಕಿಗೆ ಕಾಣದ ಹಾಗೆ ಇಟ್ಟರು. ಕೊಸರಿಲ್ಲದ ವ್ಯಾಪಾರದಲ್ಲಿ ಗೆದ್ದೆ ಅನ್ನಿಸಲ್ಲ, ಮಗುವಿಗೆ ಕೊಡೋವಾಗ ಗೆದ್ದು ತಂದಿದ್ದು ಅನ್ನಿಸಬೇಕು, ಅಷ್ಟೇ ಎಂದರು.

ನಾನು ಮುಖ ಬಿಗಿದೆ. ಆಗ ನೋಡಿ, ಅಂಗಡಿಗೆ ಜೀವ ಬಂತು. ಹಿಟ್ಟಿನ ಗಿರಣಿಯಲ್ಲಿ ಕೂಲಿ ಮಾಡುವ ತಾಯಿಯೊಬ್ಬಳು ಆಟದ ಲಾರಿಯನ್ನು ಮಗುಚಿ ಹಾಕಿ ನಾಲ್ಕು ಚಕ್ರವನ್ನೂ ತಿರುಗಿಸಿ ನೋಡಿ, ಒಂದು ಗುಂಡಿಗೆ ಇದೊಂದೇನಾ, ಇದರ ಹಿಂದೆ ಹಾಕೋಕೆ ಏನಾದ್ರೂ ಕೊಡಿ ಎಂದು ಪಟ್ಟು ಹಿಡಿದಳು. ನಾನು ದಿವಾಳಿ ಎದ್ದವನ ಹಾಗೆ ನಿಟ್ಟುಸಿರು ಬಿಟ್ಟು ಗೋಲಿ ಹಾಕಿದೆ. ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಅಂತಾರೆ. ಗುಂಡಿಯಕ್ಕ ಅಂಗಡಿ ಇಟ್ಟಿದ್ದೇ ಹಲ್ಲು ಎಣಿಸಲಿ ಅಂತ.

ಆರಿಸಿದ್ದನ್ನು ಪಕ್ಕದ ಮೇಜಿನಲ್ಲಿ ಅವರವರೇ ಕಾಗದದಲ್ಲಿ ಸುತ್ತಿ ಕಟ್ಟಬೇಕು. ಕಟ್ಟಿದ್ದನ್ನು ಅಂದೇ ಮನೆಗೆ ಒಯ್ಯುವ ಹಾಗಿಲ್ಲ. ಒಂದೇ ಕೋಣೆಯ ಮನೆಗಳಲ್ಲಿ ಮಕ್ಕಳ ಕಣ್ಣಿಂದ ಏನು ತಾನೇ ಬಚ್ಚಿಡಲಾದೀತು? ಆದ್ದರಿಂದ ಪೊಟ್ಟಣಗಳೆಲ್ಲ ಅಕ್ಕನ ಕೋಣೆಯ ಕಪಾಟಿನಲ್ಲಿ. ಹಬ್ಬದ ಹಿಂದಿನ ಮಧ್ಯಾಹ್ನ ಬಂದು ತೆಗೆದುಕೊಂಡು ಹೋಗಬೇಕು. ಮೇಲೆ ಚೀಟಿ ಇಲ್ಲ. ಕಟ್ಟಿದ ಕೈಗೆ ತನ್ನ ಕಟ್ಟು ಗೊತ್ತಾಗದೇ ಇರುತ್ತದೆಯೇ? ಇಷ್ಟು ವರ್ಷದಲ್ಲಿ ಒಂದು ಪೊಟ್ಟಣವೂ ಅದಲುಬದಲಾಗಿದ್ದಿಲ್ಲ.

ಈಗ ಹೋದ ವರ್ಷದ ಅಂಗಡಿಗೆ, ಎಡಚನ ವಿಷಯಕ್ಕೆ ಬರುತ್ತೇನೆ. ಎಡಚ ನಮ್ಮ ಬೀದಿಯ ಹಮಾಲಿ. ನನ್ನ ಬಟ್ಟೆಯ ಬೇಲುಗಳನ್ನು ಲಾರಿಯಿಂದ ಇಳಿಸಿ ಗೋದಾಮಿಗೆ ಹಾಕುವವನು ಅವನೇ. ಎಲ್ಲ ಕೆಲಸವೂ ಎಡಗೈಯಲ್ಲಿ, ಅದಕ್ಕೇ ಆ ಹೆಸರು. ಅವನಿಗೊಬ್ಬಳು ಮಗಳು. ತಾಯಿ ಇಲ್ಲದ ಹುಡುಗಿ, ದೂರದ ಊರಿನ ಮಿಷನ್ ಹಾಸ್ಟೆಲಿನಲ್ಲಿ ಓದುತ್ತಿದ್ದಳು. ಅದರ ಹಿಂದಿನ ಕ್ರಿಸ್ಮಸ್ಸಿಗೆ ಹಾಸ್ಟೆಲಿನಲ್ಲಿ ಮಂಗನಬಾವು ಹರಡಿ ಯಾರನ್ನೂ ಊರಿಗೆ ಕಳಿಸಲಿಲ್ಲ. ಬೇಸಿಗೆ ರಜೆ ಬರುವ ಹೊತ್ತಿಗೆ ಇವನು ಲಾರಿಯ ಜೊತೆ ಹೋಗಿ ಎಲ್ಲೋ ಸಿಕ್ಕಿಹಾಕಿಕೊಂಡಿದ್ದ. ಈ ಸಲ ಕ್ರಿಸ್ಮಸ್ಸಿಗೆ ಅವಳು ಬರುತ್ತಾಳೆ ಎಂದು ತಿಂಗಳಿಂದ ಬೀದಿಗೆಲ್ಲ ಸಾರಿದ್ದ. ಬೇಲು ಇಳಿಸುವಾಗಲೂ ಅದೇ ಮಾತು. ಅವನ ಮಗಳು ನನ್ನ ಗೋದಾಮಿಗೇ ಬಂದು ಇಳಿಯುತ್ತಾಳೇನೋ ಅನ್ನಿಸಿಬಿಟ್ಟಿತ್ತು ನನಗೆ.

ಅಂಗಡಿಯ ದಿನ ಸ್ನಾನ ಮಾಡಿ, ತಲೆ ಬಾಚಿ, ಒಗೆದ ಅಂಗಿ ತೊಟ್ಟು ಬಂದ. ನೀಲಿ ಗುಂಡಿಯನ್ನು ನನ್ನ ಮೇಜಿನ ಮೇಲೆ ಟಕ್ಕೆಂದು ಇಟ್ಟು, ಇವತ್ತು ನಾನು ಗಿರಾಕಿ, ಎದ್ದು ನಿಂತು ಮಾತಾಡಿಸಿ ಅಂದ. ನಾನು ಎದ್ದು ನಿಂತೆ. ಗೊಂಬೆ, ಬಣ್ಣದ ಪೆಟ್ಟಿಗೆ ಎಲ್ಲವನ್ನೂ ದಾಟಿ ಅವನ ಕೈ ಒಂದು ಹಳದಿ ಫ್ರಾಕಿನ ಮೇಲೆ ನಿಂತಿತು. ಮುಂದುಗಡೆ ದೊಡ್ಡ ಜೇಬಿದ್ದ ಫ್ರಾಕು. ಜೇಬಿನೊಳಗೆ ಎರಡು ಬೆರಳು ಇಳಿಸಿ ಆಳ ನೋಡಿದ. ಅವಳಿಗೆ ಕಲ್ಲು ಆಯೋ ಚಾಳಿ, ಹಾಕ್ಕೊಳ್ಳೋಕೆ ಜೇಬು ಬೇಕು ಅಂದ.

ಫ್ರಾಕು ಪುಟ್ಟದು. ಆ ಹಾಸ್ಟೆಲಿನ ಯೂನಿಫಾರ್ಮನ್ನೂ ಹೊಲಿಯುವ ಗುಂಡಿಯಕ್ಕನಿಗೆ ಆ ಹುಡುಗಿ ಈಗ ಎಷ್ಟೆತ್ತರ ಇದ್ದಾಳೆ ಎಂದು ಗೊತ್ತು. ವಾರ್ಡನ್ನಮ್ಮ ಆಗಾಗ ಅಳತೆ ಕಳಿಸುತ್ತಾರೆ. ಅಕ್ಕ ಹತ್ತಿರ ಬಂದು, ಮಕ್ಕಳು ಬೇಗ ಬೆಳೀತಾವಪ್ಪ, ಇದಕ್ಕಿಂತ ದೊಡ್ಡದು ಅಲ್ಲಿದೆ ನೋಡು ಎಂದು ಮೆಲ್ಲಗೆ ಹೇಳಿದರು. ಎಡಚ ಕೈಯನ್ನು ತನ್ನ ಸೊಂಟದ ಪಕ್ಕ ನೆಲಕ್ಕೆ ಸಮನಾಗಿ ಹಿಡಿದು, ಇಷ್ಟೆತ್ತರ ಎಂದು ತೋರಿಸಿದ. ಅವಳನ್ನು ಹಾಸ್ಟೆಲಿಗೆ ಬಿಟ್ಟ ದಿನದ ಎತ್ತರವೇ ಅವನ ಕೈಯಲ್ಲಿ ಉಳಿದಿತ್ತು.

"ನನ್ನ ಮಗಳ ಅಳತೆ ನಂಗೊತ್ತಿಲ್ವಾ ಅಕ್ಕ?"

ಸಾಲಿನಲ್ಲಿ ನಿಂತವರು ನಕ್ಕರು. ನಾನು ಬಾಯಿ ತೆರೆಯುವುದರಲ್ಲಿದ್ದೆ. ಅಕ್ಕ ನನ್ನ ಕಾಲು ತುಳಿದರು.

"ಗೊತ್ತಿರದೆ ಏನಪ್ಪ. ಅಪ್ಪನಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತೆ."

ಅವನು ಕೊಸರಿಗೆ ಒಂದು ರಿಬ್ಬನ್ನನ್ನು ನನ್ನಿಂದ ಕಿತ್ತುಕೊಂಡ. ಮೇಜಿನ ಮೇಲಿದ್ದ ಬಣ್ಣದ ದಾರ ಅವನಿಗೆ ಹಿಡಿಸಲಿಲ್ಲ. ಜೇಬಿನಿಂದ ಸೆಣಬಿನ ಹುರಿ ತೆಗೆದು ಪೊಟ್ಟಣಕ್ಕೆ ಹಮಾಲಿ ಗಂಟು ಹಾಕಿದ. ಭಾರ ಬಿದ್ದಷ್ಟೂ ಬಿಗಿಯುವ ಗಂಟು ಅದು. ಬಿಚ್ಚುವುದು ಗೊತ್ತಿದ್ದವರು ಮಾತ್ರ ಒಂದು ತುದಿ ಎಳೆದರೆ ಸರ್ರನೆ ಬಿಚ್ಚಿಕೊಳ್ಳುತ್ತದೆ.

ಮಾರನೆ ದಿನ ಊಟದ ಹೊತ್ತು ಕಳೆಯುತ್ತಲೇ ಅಕ್ಕ ಅಂಗಡಿಗೆ ಬಂದರು. ಸೆರಗಿನ ಕೆಳಗಿಂದ ಎಡಚನ ಪೊಟ್ಟಣ ಹೊರಗೆ ಬಂತು. ಆ ಗಂಟಿನ ಜೊತೆ ಬೆಳಗಿನಿಂದ ಗುದ್ದಾಡಿ ಸೂಜಿ ಮುರಿದಿದ್ದರಂತೆ. ಪಾದ್ರಿ ಮನೆ ಪಕ್ಕದಲ್ಲೇ ಕಳ್ಳತನವೋ ಎಂದು ನಾನು ಕೇಳಿದೆ. ಕಳ್ಳರು ಒಯ್ತಾರೆ, ನಾವು ಒಳಗೆ ಹಾಕ್ತೀವಿ, ಬಿಚ್ಚಿ ಅಂದರು. ನಾನು ಹುಡುಗನಾಗಿದ್ದಾಗ ಅಪ್ಪನ ಗೋದಾಮಿನಲ್ಲಿ ಹಮಾಲಿಗಳ ಮಧ್ಯೆ ಬೆಳೆದವನು. ಎರಡೂ ತುದಿ ಜಗ್ಗಿ ನೋಡಿದೆ, ಒಂದಕ್ಕೆ ಬಿಚ್ಚಿಕೊಂಡಿತು.

ದೊಡ್ಡ ಫ್ರಾಕು ಬದಲಾಯಿಸಿ ಇಟ್ಟರೆ ಮುಗಿಯಿತಲ್ಲ ಎಂದೆ. ಅವನು ಆರಿಸಿದ್ದು ಇದು, ಈ ಜೇಬು, ಇದನ್ನೇ ಅವನು ಕೊಡಬೇಕು ಎಂದರು. ಫ್ಯಾಕ್ಟರಿಯವರು ಒಳಗೆ ಬೆರಳಗಲವೂ ಬಟ್ಟೆ ಬಿಟ್ಟಿರಲಿಲ್ಲ. ಅದಕ್ಕೆ ಅವರ ವಂಶವನ್ನೆಲ್ಲ ಸೌಮ್ಯವಾಗಿ ಬೈದು, ಹಳದಿಗೆ ಒಪ್ಪುವ ನೀಲಿ ಪಾಪ್ಲಿನ್ ಕೇಳಿದರು. ಅಷ್ಟು ದೊಡ್ಡ ರಗಳೆ ಯಾಕೆ, ಚಿಕ್ಕದಾದರೆ ಹುಡುಗಿ ಒಂದು ದಿನ ಅತ್ತು ಸುಮ್ಮನಾಗುತ್ತಾಳೆ ಎಂದು ನಾನು ಅಂದದ್ದಕ್ಕೆ ಅಕ್ಕ ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಅವಳು ಅಳಲ್ಲ ಸಾಹುಕಾರ್ರೇ. ಹಾಸ್ಟೆಲಲ್ಲಿ ಬೆಳೆದ ಮಕ್ಕಳು ಅಳಲ್ಲ, ಚೆನ್ನಾಗಿದೆ ಅಂತಾರೆ. ನಾನೂ ಅಂದವಳೇ. ಆ ಮಾತು ಕೇಳಿಸ್ಕೊಂಡ ಅಪ್ಪ ಮುಂದಿನ ವರ್ಷ ಹಬ್ಬದ ದಿನ ಬರಲ್ಲ, ಮಾರನೆ ದಿನ ಬರ್ತಾನೆ."

ನಾನು ಎದ್ದು ಪಾಪ್ಲಿನ್ ತೆಗೆದೆ. ಅಳತೆಗೋಲಿನಿಂದ ಒಂದಿಷ್ಟು ಆಚೆಯೇ ಕತ್ತರಿ ಹಾಕಿದೆ. ಅಕ್ಕ ನೋಡಿಯೂ ನೋಡದವರಂತೆ ಇದ್ದರು.

ಆ ಫ್ರಾಕಿಗೆ ಅವರು ಮಾಡಿದ್ದನ್ನು ಹಿಗ್ಗಿಸುವುದು ಅನ್ನಲಾಗದು, ಎರಡನೇ ಸಲ ಹೆತ್ತರು ಅನ್ನಬೇಕು. ಅಂಚಿಗೆ ಅಗಲವಾದ ನೀಲಿ ಪಟ್ಟಿ, ಸೊಂಟದಲ್ಲಿ ಇನ್ನೊಂದು, ಎರಡೂ ಪಕ್ಕಕ್ಕೆ ಕಂಕುಳಿಂದ ಕೆಳಗಿನವರೆಗೆ ನೀಲಿ ಪಟ್ಟೆ, ತೋಳಿಗೆ ನೀಲಿ ಪಫ್. ಇಷ್ಟೆಲ್ಲ ಮಾಡಿ ಒಳಮಡಿಕೆಯನ್ನೂ ಬಿಟ್ಟಿದ್ದರು. ಜೇಬನ್ನು ಮಾತ್ರ ಮುಟ್ಟಿರಲಿಲ್ಲ. ಅವನು ಗುರುತು ಹಿಡಿಯುವುದಿಲ್ಲವೇ ಎಂದು ನನಗೆ ದಿಗಿಲು. ಗಂಡಸರಿಗೆ ಫ್ರಾಕಿನಲ್ಲಿ ಪಟ್ಟಿ ಇತ್ತಾ ಇಲ್ವಾ ಅಂತ ಜ್ಞಾಪಕ ಇರಲ್ಲ, ಅವನು ನೋಡಿದ್ದು ಜೇಬು ಒಂದೇ, ಆದ್ರೆ ಗಂಟು ನೋಡ್ತಾನೆ, ಅದು ನಿಮ್ಮ ಪಾಲು ಎಂದರು. ಅವರ ಕೋಣೆಯಲ್ಲಿ, ಸ್ವೆಟರು ತೊಟ್ಟ ಗೊಂಬೆಯ ಸಾಕ್ಷಿಯಾಗಿ, ನಾನು ಅದೇ ಕಾಗದ ಸುತ್ತಿ, ಅದೇ ಸೆಣಬಿನ ಹುರಿಯಲ್ಲಿ ಹಮಾಲಿ ಗಂಟು ಹಾಕಿದೆ. ಅದೇ ಗಂಟೇನಾ ಎಂದು ಅಕ್ಕ ಕೇಳಿದರು. ಎಡಚನೇ ಬಂದು ನೋಡಿದರೂ ತನ್ನದೇ ಅಂತಾನೆ ಎಂದು ಎದೆ ತಟ್ಟಿಕೊಂಡೆ.

ಹಬ್ಬದ ಹಿಂದಿನ ಮಧ್ಯಾಹ್ನ ಕಾಂಪೌಂಡಿನ ತುಂಬ ಜನ. ಕಪಾಟಿನ ಮುಂದೆ ನೂಕುನುಗ್ಗಲು. ಎಡಚ ಸೆಣಬಿನ ಹುರಿ ಕಂಡದ್ದೇ ತನ್ನ ಪೊಟ್ಟಣ ಎಳೆದುಕೊಂಡ. ಅಷ್ಟರಲ್ಲಿ ಹಾಸ್ಟೆಲ್ ವ್ಯಾನಿನ ಹಾರ್ನ್ ಕೇಳಿತು. ಅವನು ಪೊಟ್ಟಣವನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಿದ. ನಾನೂ ಅಕ್ಕನೂ ಹಿಂದೆಯೇ ಹೋದೆವು. ನನಗೇನೂ ಅಲ್ಲಿ ಕೆಲಸವಿರಲಿಲ್ಲ. ಮಾಡಿದ ಕಳ್ಳತನದ ಫಲ ನೋಡುವ ಆಸೆ.

ನೀಲಿ ಯೂನಿಫಾರ್ಮಿನ ಹುಡುಗಿಯರು ಒಬ್ಬೊಬ್ಬರೇ ಇಳಿದರು. ಎಡಚ ಸಣ್ಣ ಸಣ್ಣ ಹುಡುಗಿಯರ ಮುಖವನ್ನೆಲ್ಲ ಬಗ್ಗಿ ಬಗ್ಗಿ ನೋಡುತ್ತಿದ್ದ. ಉದ್ದ ಕಾಲಿನ ಒಬ್ಬಳು ಟ್ರಂಕು ಕೆಳಗಿಟ್ಟು ಅವನೆದುರು ಬಂದು ನಿಂತಳು.

"ಅಪ್ಪಾ."

ಅವನು ತಲೆ ಸವರಲು ಕೈ ಚಾಚಿದ. ಕೈ ಹೋದದ್ದು ಸೊಂಟದ ಎತ್ತರಕ್ಕೆ. ಅಲ್ಲಿ ತಲೆ ಇರಲಿಲ್ಲ. ಕೈ ಅಲ್ಲೇ ಸ್ವಲ್ಪ ಹೊತ್ತು ನಿಂತು, ಮೆಲ್ಲಗೆ ಮೇಲೇರಿ, ಅವನ ಎದೆಯನ್ನೂ ದಾಟಿ, ಭುಜದ ಹತ್ತಿರ ಅವಳ ತಲೆಯನ್ನು ಮುಟ್ಟಿತು. ಅವನ ಮುಖ ನಗುತ್ತಲೇ ಇತ್ತು, ಆದರೆ ನಗು ಮುಖದಲ್ಲಿ ಮರೆತು ಬಿಟ್ಟುಹೋದ ವಸ್ತುವಿನ ಹಾಗೆ ಇತ್ತು. ಅವನಿಗೆ ಫ್ರಾಕು ನೆನಪಾಗಿದೆ ಎಂದು ನನಗೆ ಗೊತ್ತಾಯಿತು.

ಅವಳ ಕಣ್ಣು ಪೊಟ್ಟಣದ ಮೇಲೆ ಬಿತ್ತು. ಅದೇನಪ್ಪಾ ಎಂದಳು. ಅವನು ಅದನ್ನು ಬೆನ್ನ ಹಿಂದಕ್ಕೆ ಸರಿಸಿದ. ಏನಿಲ್ಲ, ಸಾಹುಕಾರರ ಪಾರ್ಸೆಲ್ಲು, ಕೊಡೋಕೆ ತಂದಿದ್ದೆ ಎಂದು ತಿರುಗಿ ನನ್ನ ಎದೆಗೆ ಒತ್ತಿಬಿಟ್ಟ. ಹುಡುಗಿ ಹಾಗಾ ಎಂದಳು, ಅಷ್ಟೇ. ಮುಖದಲ್ಲಿ ಏನೂ ತೋರಿಸಲಿಲ್ಲ. ಅಕ್ಕ ಹೇಳಿದ್ದು ಸರಿ, ಈ ಮಕ್ಕಳು ಅಳುವುದಿಲ್ಲ.

ನನ್ನ ಕೈಯಲ್ಲಿ ಪೊಟ್ಟಣ. ಎಡಚನ ಕಣ್ಣು ನನ್ನನ್ನು ಬೇಡುತ್ತಿತ್ತು, ಸಾಹುಕಾರ್ರೇ ತಗೊಂಡು ಹೋಗಿಬಿಡಿ ಎಂದು. ಚಿಕ್ಕದಲ್ಲ ಕಣೋ, ಸರಿಯಾಗಿದೆ ಎಂದು ಹೇಳಲಾದೀತೇ? ಹೇಳಿದರೆ ಮಗಳ ಮುಂದೆಯೇ ಎಲ್ಲ ಬಯಲಾಗುತ್ತದೆ. ಬಾಯಿಗೆ ಬಂದದ್ದನ್ನು ಹೇಳಿದೆ.

"ಇದು ನಂದಲ್ಲ ಎಡಚಾ. ನೋಡು, ನಿನ್ನ ಗಂಟಲ್ವಾ ಇದು?"

ಅವನು ಒಲ್ಲದ ಮನಸ್ಸಿನಿಂದ ಗಂಟಿನ ಕಡೆ ನೋಡಿದ. ಮತ್ತೆ ಬಗ್ಗಿ ನೋಡಿದ. ಬೆರಳಲ್ಲಿ ಮುಟ್ಟಿದ.

"ಇದು ನನ್ನ ಗಂಟಲ್ಲ" ಅಂದ.

ದಿನಕ್ಕೆ ಹತ್ತಾರು ಸಲ ಎಡಚಾ ಎಡಚಾ ಎಂದು ಕೂಗುವ ನನಗೆ, ಅವನ ಗಂಟು ಎಡಗೈ ಗಂಟು, ಬಿಚ್ಚುವ ತುದಿ ನಮ್ಮದಕ್ಕೆ ಉಲ್ಟಾ ಕಡೆಗೆ ಬರುತ್ತದೆ ಎಂಬುದು ಹೊಳೆದೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ನನ್ನ ಬಲಗೈ ತಾನಾಗಿ ಬೆನ್ನ ಹಿಂದೆ ಹೋಯಿತು. ಅವನು ಆ ಕೈ ನೋಡಿದ. ಆಮೇಲೆ ಗುಂಡಿಯಕ್ಕನನ್ನು ನೋಡಿದ. ಅಕ್ಕ ಕತ್ತೆತ್ತಿ ನೀರಿನ ಟ್ಯಾಂಕನ್ನು, ಜೀವಮಾನದಲ್ಲಿ ಮೊದಲ ಸಲ ಕಂಡವರ ಹಾಗೆ ನೋಡುತ್ತಿದ್ದರು. ಅವರ ತೋಳಿಗೆ ಒಂದು ಹಳದಿ ದಾರದ ಎಳೆ ಅಂಟಿಕೊಂಡಿತ್ತು.

ಎಡಚ ಪೊಟ್ಟಣವನ್ನು ನನ್ನ ಕೈಯಿಂದ ತೆಗೆದುಕೊಂಡ. ಸ್ವಲ್ಪ ಹೊತ್ತು ಅಂಗೈಯಲ್ಲಿ ತೂಗಿದ. ಹೊರೆ ಹೊರುವವನ ಕೈ, ಒಂದು ಅಂಗೈ ಪಾಪ್ಲಿನ್ ಹೆಚ್ಚಾದರೂ ತಿಳಿಯುತ್ತದೋ ಏನೋ. ಆಮೇಲೆ ಅದನ್ನು ಮಗಳ ಮುಂದೆ ಹಿಡಿದ.

"ತಗೋ. ನಿಂಗೇ."

ಹುಡುಗಿ ಗಂಟಿನ ತುದಿ ಹಿಡಿದು ಎಳೆದಳು. ಗಂಟು ಇನ್ನೂ ಬಿಗಿಯಿತು. ಚಿಕ್ಕವಳಿದ್ದಾಗ ಅಪ್ಪ ಕಲಿಸಿದ ಎಡಗೈ ದಾರಿ ಅವಳಿಗೆ ಇನ್ನೂ ಮರೆತಿರಲಿಲ್ಲ. ಎಡಚನಿಗೆ ಆಗ ನಿಜವಾದ ನಗು ಬಂತು.

"ಆ ತುದಿ ಅಲ್ಲ ಮಗಳೇ, ಈ ತುದಿ ಎಳಿ. ಇದು ಸಾಹುಕಾರರು ಹಾಕಿದ ಗಂಟು. ಎಲ್ಲ ಉಲ್ಟಾ."

ಎಳೆದಳು. ಕಾಗದ ಬಿಚ್ಚಿತು. ಹಳದಿ ಫ್ರಾಕು ನೀಲಿ ಪಟ್ಟಿಗಳ ಸಮೇತ ಅವಳ ಕೈಯಲ್ಲಿ ಇಳಿಬಿತ್ತು. ಯೂನಿಫಾರ್ಮಿನ ಮೇಲೆಯೇ ಭುಜಕ್ಕೆ ಹಿಡಿದು ನೋಡಿದಳು. ಅಂಚು ಮೊಣಕಾಲಿನ ಕೆಳಗೆ ಬಂದು ನಿಂತಿತು. ಜೇಬಿನೊಳಗೆ ಕೈ ಹೋಯಿತು, ಅಲ್ಲಿ ರಿಬ್ಬನ್ನು. ಅವಳು ಚೆನ್ನಾಗಿದೆ ಅನ್ನಲಿಲ್ಲ.

"ಅಪ್ಪಾ, ನನ್ನ ಅಳತೆ ನಿಂಗೆ ಹ್ಯಾಗೆ ಗೊತ್ತಾಯ್ತು?"

ಎಡಚ ಅಕ್ಕನ ಕಡೆ ತಿರುಗಿದ. ಅಕ್ಕ ಟ್ಯಾಂಕಿನಿಂದ ಕಣ್ಣು ಕೀಳದೆಯೇ ಹೇಳಿದರು, "ಅಪ್ಪನಿಗಲ್ಲದೆ ಇನ್ಯಾರಿಗಮ್ಮಾ ಗೊತ್ತಿರುತ್ತೆ."

ಟ್ರಂಕನ್ನು ಎಡಚ ಹೊತ್ತ. ಇಬ್ಬರೂ ಗೇಟು ದಾಟಿ ಹೋದರು. ಹೋಗುತ್ತಾ ಅವನು ಖಾಲಿ ಇದ್ದ ಕೈಯನ್ನು ಆಗಾಗ ಅವಳ ತಲೆಯ ಮೇಲಿಟ್ಟು, ತನ್ನ ಭುಜಕ್ಕೆ ತಂದು, ಮತ್ತೆ ಅವಳ ತಲೆಗೆ ಇಡುತ್ತಿದ್ದ. ಹುಡುಗಿ ನಗುತ್ತಾ ತಲೆ ತಪ್ಪಿಸಿಕೊಳ್ಳುತ್ತಿದ್ದಳು.

ಗಂಟಿನ ವಿಷಯವನ್ನು ಅವನು ಎತ್ತಿದ್ದು ಹಬ್ಬ ಕಳೆದ ಮೇಲೆ, ಬೇಲು ಇಳಿಸುವಾಗ, ಅದೂ ಒಂದೇ ಮಾತಿನಲ್ಲಿ. ಸಾಹುಕಾರ್ರೇ, ನಿಮ್ಮ ಗಂಟು ನಂಬಿ ಬೇಲು ಎತ್ತಿದ್ರೆ ತಲೆ ಮೇಲೆ ಬೀಳುತ್ತೆ ಅಂದ. ಅಕ್ಕನ ಬಳಿ ಅದನ್ನೂ ಹೇಳಲಿಲ್ಲವಂತೆ. ಹೋಗಿ, ಕೇಳದೆಯೇ, ಕಿತ್ತು ಹೋಗಿದ್ದ ಕಪಾಟಿನ ಬಾಗಿಲಿಗೆ ಮೊಳೆ ಹೊಡೆದು ಬಂದನಂತೆ.

ಈ ವರ್ಷದ ಅಂಗಡಿಗೆ ಎಲ್ಲರಿಗಿಂತ ಮೊದಲು ಬಂದು ನಿಂತವನು ಎಡಚ. ಬೇಸಿಗೆಯಲ್ಲಿ ಲಾರಿಯ ಜೊತೆ ಹೋಗಿರಲಿಲ್ಲ, ಮಳೆಗಾಲದಲ್ಲಿ ಹಾಸ್ಟೆಲಿಗೆ ಹೋಗಿ ಬಂದಿದ್ದ, ಈಚೆಗೆ ಮತ್ತೊಮ್ಮೆ. ನೀಲಿ ಗುಂಡಿಯನ್ನು ಮೇಜಿನ ಮೇಲಿಟ್ಟ. ಅದರ ಪಕ್ಕಕ್ಕೆ ಜೇಬಿನಿಂದ ಸೆಣಬಿನ ಹುರಿಯೊಂದನ್ನು ತೆಗೆದು ಉದ್ದಕ್ಕೆ ಚಾಚಿದ. ಅದರಲ್ಲಿ ಅಲ್ಲಲ್ಲಿ ಗಂಟುಗಳು. ಇದು ಭುಜ, ಇದು ಸೊಂಟ, ಇದು ಮೊಣಕಾಲು, ಗಂಟಿಂದ ಗಂಟಿಗೆ ಸರಿಯಾಗಿ ಕೊಡಿ ಅಂದ. ಹೋದ ವಾರ ಹಾಸ್ಟೆಲಿನ ಗೇಟಿನಲ್ಲಿ ಮಗಳನ್ನು ನಿಲ್ಲಿಸಿ ಹಾಕಿದ ಗಂಟುಗಳು, ಎಲ್ಲವೂ ಎಡಗೈಯವು. ನಾನು ಮುಖ ಸಿಂಡರಿಸಿ, ಹಗ್ಗ ನೋಡಿ ಬಟ್ಟೆ ಮಾರೋ ಗತಿ ಬಂತಲ್ಲ ನಂಗೆ ಎಂದು ಗೊಣಗಿದೆ.

ಗುಂಡಿಯಕ್ಕ ಬಂದು ಕೊರಳಲ್ಲಿದ್ದ ಟೇಪನ್ನು ಹುರಿಯ ಪಕ್ಕಕ್ಕೆ ಹಿಡಿದರು. ಭುಜದಿಂದ ಸೊಂಟಕ್ಕೆ, ಸೊಂಟದಿಂದ ಮೊಣಕಾಲಿಗೆ ಎರಡೆರಡು ಸಲ ನೋಡಿದರು. ವಾರ್ಡನ್ನಮ್ಮ ಕಳಿಸಿದ್ದ ಅಳತೆಗಿಂತ ಇದು ಒಂದು ಬೆರಳು ಉದ್ದ ಇತ್ತು.

"ಅಲ್ಲಿಂದ ಬಂದ ಅಳತೆ ಹಳೇದು" ಎಂದು ನನಗೆ ಮಾತ್ರ ಕೇಳುವ ಹಾಗೆ ಹೇಳಿ, ಟೇಪನ್ನು ಸುತ್ತಿ ಬದಿಗಿಟ್ಟು, ಹುರಿಯನ್ನೇ ಕೈಗೆ ತೆಗೆದುಕೊಂಡು ಫ್ರಾಕುಗಳ ಕಡೆ ನಡೆದರು.